ಎಲುನೆಡ್ ಕಟ್ಟಿದ ತಾಮ್ರದ ನೊಣ

ನಮ್ಮ ಬೀದಿಯ ಕೊನೆಮನೆಯ ಎಲುನೆಡ್ ಗಾಳದ ನೊಣ ಕಟ್ಟುವವಳು; ಮೀನು ನಿಜವೆಂದು ನಂಬಿ ಕಚ್ಚುವಂತೆ ಗರಿ, ರೇಷ್ಮೆ, ಜರಿಗಳನ್ನು ಗಾಳದ ಕೊಕ್ಕೆಗೆ ಸುತ್ತಿ ಮಾಡುವ ಹುಸಿ ನೊಣ. ತೈವಿ ಹೊಳೆಯಲ್ಲಿ ಸಿವಿನ್ ಮೀನು ಹಿಡಿಯುವ ಗಂಡಸರು ಟೋಪಿಗೆ ಸಿಕ್ಕಿಸಿಕೊಂಡು ಓಡಾಡುವ ನೊಣಗಳಲ್ಲಿ ಹೆಚ್ಚಿನವು ಅವಳ ಕೈಯವೇ. ಬೇಸಿಗೆಯಲ್ಲಿ ಕಡಲಿನಿಂದ ಏರಿ ಬರುವ ಆ ಮೀನು ಹಗಲೆಲ್ಲ ಮಡುವಿನಲ್ಲಿ ಅಡಗಿದ್ದು, ಮಬ್ಬಾದ ಮೇಲಷ್ಟೇ ಬಾಯಿ ತೆರೆಯುತ್ತದೆ. ಹಾಗಾಗಿ ಎಲುನೆಡ್ ಬಣ್ಣವನ್ನು ಬೆಳಕಿನಲ್ಲಿ ಆರಿಸುವುದಿಲ್ಲ. ಸಂಜೆ ಪರದೆ ಎಳೆದು, ಗರಿಯನ್ನೋ ರೇಷ್ಮೆಯನ್ನೋ ಲೋಟದ ನೀರಿನಲ್ಲಿ ಅದ್ದಿ, ಮಬ್ಬು ಬೆಳಕು ಬೀಳುವ ಕಿಟಕಿಯ ಸಂದಿಗೆ ಹಿಡಿಯುತ್ತಾಳೆ. ಕೆಂಪು ಮೊದಲು ಸಾಯುತ್ತದೆ. ನೀಲಿ ಇನ್ನೂ ಸ್ವಲ್ಪ ಹೊತ್ತು ಉಸಿರಾಡುತ್ತದೆ. ಕೊನೆಗೆ ಉಳಿಯುವುದು ಕಪ್ಪು ಮತ್ತು ಬೆಳ್ಳಿಜರಿ.

ನನ್ನ ಮಗಳು ಮಬ್ಲಿ ಹುಟ್ಟಿದ ಮೇಲೆ ನಾನು ಎಲುನೆಡ್‌ಳ ಅಡುಗೆಮನೆಯಲ್ಲೇ ಹೆಚ್ಚು ಕೂರುತ್ತಿದ್ದೆ. ಅವಳು ಕಾಲಿನಿಂದ ತೊಟ್ಟಿಲು ತೂಗುತ್ತ ಕೈಯಿಂದ ದಾರ ಸುತ್ತುತ್ತಿದ್ದಳು. ಒಂದು ದಿನ ಮಗುವಿನ ತಾಮ್ರಬಣ್ಣದ ಕೂದಲನ್ನು ಬೆರಳಿಗೆ ಸುತ್ತಿಕೊಂಡು ಕೇಳಿದಳು:

"ಮೊದಲ ಕೂದಲು ಯಾವಾಗ ಕತ್ತರಿಸ್ತೀಯ, ನೆಸ್ಟ್?"

"ಯಾಕಜ್ಜಿ, ಅದನ್ನೂ ಕಟ್ಟಿ ಮೀನಿಗೆ ಹಾಕ್ತೀಯಾ?"

"ನಮ್ಮವ್ವ ಹಾಕ್ತಿದ್ಳು. ನನ್ನದನ್ನೇ ಹಾಕಿದ್ಳು. ನೀರಲ್ಲಿ ಅಷ್ಟು ಮೆತ್ತಗೆ ಬೇರೆ ಯಾವ್ದೂ ಆಡಲ್ಲ. ಆದ್ರೆ ದಡಕ್ಕೆ ವಾಪಸ್ ತರಬೇಕು ಕಣೇ. ಮಡುವಲ್ಲಿ ಬಿಟ್ಟು ಬರಬಾರದು."

"ಬಿಟ್ರೆ?"

"ಬಿಡಬಾರದು ಅಂದ್ನಲ್ಲ."

ನಾನು ಒಪ್ಪಲಿಲ್ಲ. ಕತ್ತರಿಸಿದ ಕೂದಲನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟೆ. ನನ್ನ ಗಂಡ ಗಾರ್ಮನ್ ಅದರಿಂದ ಒಂದು ಎಳೆಗಂಟು ತೆಗೆದು, ನಾನು ಒಪ್ಪಿದ್ದೇನೆ ಎಂದು ಸುಳ್ಳು ಹೇಳಿ, ಎಲುನೆಡ್ ಕೈಯಲ್ಲಿ ನೊಣ ಕಟ್ಟಿಸಿಕೊಂಡ.

ಮಬ್ಬಿನಲ್ಲಿ ಎದುರು ದಡದ ಹುಲ್ಲು ಹಸಿರು ಕಳೆದುಕೊಂಡು ಬೂದಿಬಣ್ಣವಾಗುವ ತನಕ ನೀರಿಗೆ ಗಾಳ ಹಾಕಬಾರದೆಂಬುದು ಇಲ್ಲಿ ಎಲ್ಲರೂ ಪಾಲಿಸುವ ಕ್ರಮ. ಒಂದು ಸಂಜೆ ಹೊಳೆಯ ಕರಿಮಡುವಿನಲ್ಲಿ ದೊಡ್ಡ ಮೀನೊಂದು ಹಾರಿದ್ದನ್ನು ಕಂಡು ಗಾರ್ಮನ್ ಕಾಯದೆ ಆ ಕೂದಲಿನ ನೊಣವನ್ನು ಬೀಸಿದ. ಮೀನು ನೊಣವನ್ನು ಕಚ್ಚಿತು, ಆಮೇಲೆ ಅವನನ್ನು ಕಂಡಿತು, ಬೆದರಿ ದಾರ ಹರಿದುಕೊಂಡು ನೊಣದ ಸಮೇತ ಹೋಯಿತು.

ಮರುದಿನ ಸಂಜೆ ಮಬ್ಲಿ ಹಾಲು ಕುಡಿಯುತ್ತಿದ್ದವಳು ಮೊಲೆ ಬಿಟ್ಟು ಹೊಳೆಯ ಕಡೆಗೆ ಮುಖ ತಿರುಗಿಸಿದಳು. ಅಳಲಿಲ್ಲ. ಬಾಯಿ ಮಾತ್ರ ಸದ್ದಿಲ್ಲದೆ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ತಲೆ ಒದ್ದೆಯಾಗಿತ್ತು. ಜ್ವರದ ಬೆವರಿರಬೇಕೆಂದು ಮೈ ಮುಟ್ಟಿ ನೋಡಿದೆ, ತಣ್ಣಗಿತ್ತು. ಸೂರು ಸೋರುತ್ತಿದೆಯೇ ಎಂದು ಏಣಿ ಹತ್ತಿ ನೋಡಿದೆ. ದಿಂಬು ಬದಲಿಸಿದೆ. ದಿನವೂ ಮಬ್ಬಾದೊಡನೆ ಅದೇ, ಕೂದಲಲ್ಲಿ ಪಾಚಿಯ ವಾಸನೆ. ಡಾಕ್ಟರು ಮಗು ಚೆನ್ನಾಗಿದೆ ಎಂದರು. ಮಗು ದಿನದಿಂದ ದಿನಕ್ಕೆ ಹಗುರವಾಗುತ್ತಿತ್ತು. ಎತ್ತಿಕೊಂಡವಳಿಗೆ ಅದು ತಿಳಿಯುತ್ತದೆ.

ಬೀರು ತೆರೆದು, ಬಟ್ಟೆಯಲ್ಲಿನ ಕೂದಲು ಕಡಿಮೆಯಾದದ್ದನ್ನು ಕಂಡು, ಗಾರ್ಮನ್‌ನಿಂದ ನಿಜ ಹೊರಡಿಸಿ, ಮಗುವನ್ನೆತ್ತಿಕೊಂಡು ಎಲುನೆಡ್ ಬಳಿ ಹೋದೆ. ಅವಳು ಮಗುವಿನ ನೆತ್ತಿಯನ್ನು ಮೂಸಿದಳು. "ಬದಲಿಗೆ ಒಂದು ಕೊಡ್ಬೇಕು," ಎಂದು ತನ್ನ ಬಿಳಿ ಜಡೆ ಬಿಚ್ಚಿ, ಬುಡದಿಂದ ಒಂದು ಎಳೆಗಂಟು ಕತ್ತರಿಸಿದಳು.

ಈರುಳ್ಳಿ ಸಿಪ್ಪೆ ಕುದಿಸಿ, ವಿನೆಗರ್ ಹಾಕಿ, ಕೂದಲಿಗೆ ಬಣ್ಣ ಕಟ್ಟಿದಳು. ಹಳದಿ ಜಾಸ್ತಿಯಾಯಿತೆಂದು ಚಹಾದಲ್ಲಿ ಅದ್ದಿದಳು. ಆಮೇಲೆ ಪರದೆ ಎಳೆದು, ಅದನ್ನೂ ನಾನು ತಂದ ಮಬ್ಲಿಯ ಕೂದಲನ್ನೂ ಒದ್ದೆಮಾಡಿ ಸಂದಿಗೆ ಹಿಡಿದಳು.

"ಮಗಳದ್ದು ಯಾವ್ದು ಹೇಳು."

"ಎಡಗಡೇದು."

"ನಿಂಗೆ ಗೊತ್ತಾಯ್ತು ಅಂದ್ರೆ ಹೊಳೆಗೂ ಗೊತ್ತಾಗತ್ತೆ," ಎಂದು ಮತ್ತೆ ಚಹಾಕ್ಕೆ ಅದ್ದಿದಳು. ಯಾವುದು ಯಾರದ್ದೆಂದು ನನಗೆ ಹೇಳಲಾಗದಷ್ಟು ಒಂದೇ ಬಣ್ಣವಾದ ಮೇಲೆಯೇ ತನ್ನದನ್ನು ಗಾಳಕ್ಕೆ ಕಟ್ಟಿದ್ದು.

ಕರಿಮಡುವಿನ ದಡದಲ್ಲಿ ನಾವು, ಗಾರ್ಮನ್ ಕೂಡ, ಹುಲ್ಲು ಬೂದಿಬಣ್ಣವಾಗುವವರೆಗೂ ಕಾದೆವು. ಮಬ್ಲಿ ನನ್ನ ತೋಳಲ್ಲಿ ಬಾಯಿ ಆಡಿಸುತ್ತಿದ್ದಳು. ಎಲುನೆಡ್ ಮೊಣಕಾಲುದ್ದ ನೀರಿಗಿಳಿದು ಒಮ್ಮೆ ಗಾಳ ಬೀಸಿದಳು. ಮೀನು ಎಳೆದಾಡಲಿಲ್ಲ, ಕರೆದಂತೆ ಬಂತು. ಅದರ ದವಡೆಯಲ್ಲಿ ಎರಡು ನೊಣಗಳಿದ್ದವು. ಮಬ್ಲಿಯ ಕೂದಲಿನದನ್ನು ಬಿಡಿಸಿ ನನ್ನ ಅಂಗೈಗಿಟ್ಟಳು. ತನ್ನದನ್ನು ಅಲ್ಲೇ ಬಿಟ್ಟು, ದಾರ ಕತ್ತರಿಸಿ, ಮೀನನ್ನು ನೀರಿಗೆ ತಳ್ಳಿದಳು.

"ಅಷ್ಟು ದೊಡ್ಡದನ್ನ ಬಿಟ್ಬಿಟ್ಟೆಯಲ್ಲಜ್ಜಿ," ಎಂದ ಗಾರ್ಮನ್.

"ಬಾಯ್ಮುಚ್ಕೊಂಡು ನಡಿಯೋ. ಇಲ್ದಿದ್ರೆ ನಿನ್ನ ಗಡ್ಡಾನೇ ಗಾಳಕ್ಕೆ ಕಟ್ತೀನಿ."

ದಾರಿಯಲ್ಲೇ ಮಬ್ಲಿ ಹಸಿವಿಗೆ ಜೋರಾಗಿ ಅತ್ತಳು. ಬೇಲಿಯ ಪಕ್ಕ ಕೂತು ಹಾಲು ಕೊಟ್ಟೆ. ತಲೆ ಒಣಗಿತ್ತು.

ಈಗ ಎಲುನೆಡ್‌ಗೆ ಪರದೆಯೂ ಬೇಡ, ಲೋಟವೂ ಬೇಡ. ನೋಡದೆಯೇ ದಾರ ಎತ್ತಿಕೊಂಡು, ಈ ಸಂಜೆ ಯಾವ ಬಣ್ಣಕ್ಕೆ ಮೀನು ಬರುತ್ತದೆಂದು ಹೇಳುತ್ತಾಳೆ, ತಪ್ಪುವುದಿಲ್ಲ. ಅವಳ ಜಡೆ ಸದಾ ಒದ್ದೆ, ಪಾಚಿಯ ವಾಸನೆ. ತನ್ನ ಮನೆಯ ಬೀಗದ ಕೈಯನ್ನು ಅವಳೇ ನನ್ನ ಕೈಗೆ ಕೊಟ್ಟಳು.

ಮಬ್ಬಾಗುವ ಮೊದಲು ಸೂಪು ತೆಗೆದುಕೊಂಡು ಹೋಗುತ್ತೇನೆ. ಅವಳ ತಲೆ ಒರೆಸಿ, ಶಾಲು ಹೊದಿಸಿ, ಹೊರಗಿನಿಂದ ಬೀಗ ಹಾಕಿ ಜಗ್ಗಿ ನೋಡುತ್ತೇನೆ.

"ಸರಿಯಾಗಿ ಬಿತ್ತು," ಎನ್ನುತ್ತಾಳೆ ಒಳಗಿನಿಂದ. "ಹೊಳೆಗೆ ಬಿಡು ಅಂತ ನಾನು ಕೂಗಿದ್ರೂ ತೆಗೀಬೇಡ. ಹೋಗು, ಮಗು ಹಸಿದಿರತ್ತೆ."