ಸುರಂಗದ ಟಾಂಕಿಗೆ ಇಳಿದವರು

ಬಾಯಾರು ಪೇಟೆಯಿಂದ ಗುಡ್ಡಕ್ಕೆ ಬರುವ ರಸ್ತೆ ನಮ್ಮ ಅಂಗಳದ ಹತ್ತಿರ ಮುಗಿಯುತ್ತದೆ, ಮುಂದೆ ಕಾಲುದಾರಿ. ಗುಡ್ಡದ ತುದಿಯಲ್ಲಿ ಸೂರ್ಯ ಮುಳುಗುವುದನ್ನು ಯಾರೋ ಫೋನಿನಲ್ಲಿ ಹಿಡಿದು ಲೋಕಕ್ಕೆಲ್ಲ ತೋರಿಸಿದ ಮೇಲೆ ಭಾನುವಾರಗಳು ನಮ್ಮ ಕೈತಪ್ಪಿದವು. ಬೈಕು, ಕಾರು, ಸ್ಪೀಕರಿನ ಹಾಡು. ಸೂರ್ಯ ಅವರವರ ಊರಿನಲ್ಲಿ ಮುಳುಗುವುದಿಲ್ಲವೇ ಎಂದು ನನಗೆ ಸಿಟ್ಟು.

ಊರಿನವರೆಲ್ಲ ನನ್ನ ಹಾಗಲ್ಲ. ತಿರುವಿನ ಅಂಗಡಿಯವನು ಹೊಸ ಬೆಂಚು ಹಾಕಿಸಿದ, ರಿಕ್ಷಾದವರ ಮುಖ ಅರಳಿತು. ರಸ್ತೆಗೆ ಡಾಮರು ಬಿದ್ದದ್ದೇ ಪ್ರವಾಸಿಗರಿಂದ ಎಂದು ಅವರು, ಡಾಮರಿನ ಹಿಂದೆ ಬಿಯರ್ ಬಾಟಲಿಯೂ ಬಂತಲ್ಲ ಎಂದು ನಾನು. ನಮ್ಮ ಅತ್ತೆ ಮಾತ್ರ ಯಾರ ಪಕ್ಷವೂ ಅಲ್ಲ. ಅವರಿಗೆ ಅಂಗಳಕ್ಕೆ ಕಾಲಿಟ್ಟವರೆಲ್ಲ ನೆಂಟರು. ಮೊದಲು ಬೆಲ್ಲ ಮತ್ತು ನೀರು, ಆಮೇಲೆ ಯಾರ ಮಕ್ಕಳು, ಎಲ್ಲಿಯವರು ಎಂಬ ವಿಚಾರಣೆ. ನೀರು ಇಷ್ಟು ತಂಪು ಹೇಗೆ ಎಂದು ಯಾರಾದರೂ ಕೇಳಿದರೆ ಮುಗಿಯಿತು, ಸುರಂಗ ತೋರಿಸಿಯೇ ಕಳಿಸುತ್ತಾರೆ.

ಸುರಂಗವೆಂದರೆ ನಮ್ಮ ಕಡೆಯ ಬಾವಿ. ಕೆಳಕ್ಕೆ ತೋಡುವ ಬದಲು ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದದ್ದು. ಒಳಗೆ ಒಸರಿದ ನೀರು ತಾನಾಗಿ ಹರಿದುಬಂದು ಹೊರಗಿನ ಸಿಮೆಂಟಿನ ಟಾಂಕಿಯಲ್ಲಿ ತುಂಬುತ್ತದೆ. ಅಲ್ಲಿಂದ ಒಂದು ಪೈಪು ನಮ್ಮ ಮನೆಗೆ, ಇನ್ನೊಂದು ಕೆಳಗಿನ ಬ್ಯಾರಿಗಳ ಮನೆಗೆ. ಸುರಂಗ ಕೊರೆಯುವಾಗ ಅವರ ಅಜ್ಜನೂ ಮಣ್ಣು ಹೊತ್ತಿದ್ದರಂತೆ. ಅಂದಿನಿಂದ ನೀರು ಎರಡೂ ಮನೆಯದು. ಬೇಸಿಗೆಯಲ್ಲಿ ಅದು ಬೆರಳಿನಷ್ಟು ದಪ್ಪಕ್ಕೆ ಇಳಿಯುತ್ತದೆ, ನಿಲ್ಲುವುದಿಲ್ಲ.

ಆ ವರ್ಷ ರಂಜಾನಿನ ಉಪವಾಸ ಸರಿಯಾಗಿ ಬಿರುಬೇಸಿಗೆಯಲ್ಲೇ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ಕೆಳಗಿನ ಮನೆಯಾಕೆ ಬಂದು, "ಇವತ್ತು ನೀರು ಸ್ವಲ್ಪ ನೋಡಿ ಖರ್ಚು ಮಾಡಿ ಅಕ್ಕ. ಮಗಳ ಗಂಡನ ಮನೆಯವರು ಸಂಜೆ ನೋಂಬು ಬಿಡ್ಲಿಕ್ಕೆ ಮೊದಲ ಸಲ ಬರುವವರಿದ್ದಾರೆ" ಎಂದು ಹೇಳಿ ಹೋದಳು. ಆ ಸಂಬಂಧದ ಮೇಲೆ ಅವಳಿಗೆ ಎಷ್ಟು ಆಸೆಯೆಂದು ನನಗೆ ಗೊತ್ತಿತ್ತು. ಬಟ್ಟೆ ಒಗೆಯುವುದನ್ನೂ ನಾನು ಮರುದಿನಕ್ಕೆ ದೂಡಿದೆ.

ಮಧ್ಯಾಹ್ನ ಬೆಂಗಳೂರಿನ ಕಾರೊಂದು ಬಂತು. ನಾಲ್ಕೈದು ಹುಡುಗ ಹುಡುಗಿಯರು, ಮೈಯೆಲ್ಲ ಧೂಳು. ಅತ್ತೆ ಎಂದಿನಂತೆ, "ಬಿಸಿಲಲ್ಲಿ ಬಂದಿದ್ದೀರಿ, ಅಲ್ಲಿ ಕೈಕಾಲು ತೊಳ್ಕೊಂಡು ಬನ್ನಿ, ಕುಡೀಲಿಕ್ಕೆ ಕೊಡ್ತೇನೆ" ಎಂದು ಟಾಂಕಿಯ ಕಡೆ ಕೈ ತೋರಿಸಿದರು. ಚೆಂಬಿನಲ್ಲಿ ನೀರು ಮೊಗೆದು, ದೂರ ಹೋಗಿ ತೊಳೆಯಬೇಕೆಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಹಾಗಾಗಿ ಅತ್ತೆ ಹೇಳಲಿಲ್ಲ.

ನಗು ಕೇಳಿ ನಾನು ಅಡುಗೆಮನೆಯಿಂದ ಹೊರಬಂದು ನೋಡಿದರೆ ಎಲ್ಲರೂ ಟಾಂಕಿಯ ಒಳಗೆ! ಪ್ಯಾಂಟು ಮೊಣಕಾಲಿಗೆ ಮಡಚಿ, ಸೋಪು ಹಚ್ಚಿ ಉಜ್ಜುತ್ತಿದ್ದಾರೆ. ನಾನು ಕಿರುಚಿದ್ದು ಗುಡ್ಡದ ಆಚೆಗೂ ಕೇಳಿರಬೇಕು. "ಕುಡಿಯುವ ನೀರು ಅದು!"

ಒಬ್ಬ ಹುಡುಗಿಯ ಮುಖ ಬಿಳಿಚಿತು. "ಅಜ್ಜಿನೇ ಹೇಳಿದ್ರು ಆಂಟಿ..."

ಅದು ನಿಜವಾದ್ದರಿಂದ ನನ್ನ ಸಿಟ್ಟು ಇನ್ನಷ್ಟು ಏರಿತು.

ಅಷ್ಟರಲ್ಲಿ ಕೆಳಗಿನ ಮನೆಯಾಕೆ ಏದುಸಿರು ಬಿಡುತ್ತ ಮೆಟ್ಟಿಲೇರಿ ಬಂದಳು. ಅವಳ ನಳ್ಳಿಯಲ್ಲಿ ನೊರೆ ಬಂದಿತ್ತು. ಟಾಂಕಿ ನೋಡಿದವಳೇ ಕಲ್ಲಿನ ಮೇಲೆ ಕುಸಿದು ಕೂತಳು.

"ಇದು ತುಂಬ್ಲಿಕ್ಕೆ ಎಷ್ಟು ಹೊತ್ತು ಬೇಕಕ್ಕ?"

"ತೊಳೆದು ಬಿಟ್ರೆ ಸಂಜೆಯೇ ಆಗ್ತದೆ ಮಾರಾಯ್ತಿ."

ಹುಡುಗನೊಬ್ಬ ಎಷ್ಟು ಬೇಕಾದರೂ ಬಾಟಲಿ ನೀರು ತರುತ್ತೇನೆ ಎಂದ. "ಬೀಗರಿಗೆ ಬಾಟಲಿ ನೀರಾ? ನಮ್ಮ ಸುರಂಗದ ನೀರನ್ನು ಅಷ್ಟು ಹೊಗಳಿ ಇಟ್ಟಿದ್ದೇನೆ ನಾನು" ಎಂದಳು ಅವಳು. ಈ ಹುಡುಗರನ್ನು ಮೊದಲು ಇಲ್ಲಿಂದ ಓಡಿಸೋಣ ಎಂದೆ. ಅವಳು ಬೇಡವೆಂದು ತಲೆಯಾಡಿಸಿದಳು. "ಈಗ ಓಡಿಸಿದ್ರೆ ಅವರಿಗೆ ಎಂತ ಗೊತ್ತಾಗುವುದು ಅಕ್ಕ? ಮುಂದಿನ ವಾರ ಬೇರೆಯವರ ಟಾಂಕಿಗೆ ಇಳೀತಾರೆ. ಇಳಿದವರೇ ತೊಳೀಲಿ." ಹೋಗಿ ತೆಂಗಿನ ಸಿಪ್ಪೆ, ಹಿಡಿಸೂಡಿ ತಂದು ಅವರ ಕೈಗೆ ಕೊಟ್ಟಳು.

ತೊಳೆದರು. ಉರಿಬಿಸಿಲಿನಲ್ಲಿ, ಗೊಣಗದೆ, ಮೂಲೆಮೂಲೆ ತಿಕ್ಕಿ ತೊಳೆದರು. ಚೆನ್ನಾಗಿ ತೊಳೆದರು ಎಂದು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ಆಮೇಲೆ ಕೊಳೆನೀರು ಹೊರಬಿಟ್ಟ ಟಾಂಕಿಯ ತೂತು ಮುಚ್ಚಿ ಕಾಯುವ ಕೆಲಸ. ಮುಖ ಬಿಳಿಚಿದ್ದ ಆ ಹುಡುಗಿ ಟಾಂಕಿಯ ಪಕ್ಕದಲ್ಲೇ ಕೂತು, ಸುರಂಗದ ಬಾಯಿಂದ ಬೀಳುವ ಸಣ್ಣ ಧಾರೆಯನ್ನು ನೋಡುತ್ತಿದ್ದಳು.

"ಇಷ್ಟೇನಾ ಆಂಟಿ?"

"ಇಷ್ಟೇ."

"ಎರಡು ಮನೆಗೂ?"

"ಎರಡು ಮನೆಗೂ."

ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು ಗುಂಪು ಹಾಡು ಹಾಕಿಕೊಂಡು ಮೇಲೆ ಬಂತು. ನಾನು ಸೆರಗು ಸಿಕ್ಕಿಸಿ ಎದ್ದು ನಿಲ್ಲುವಷ್ಟರಲ್ಲಿ ಆ ಹುಡುಗಿಯೇ ಅಡ್ಡ ಹೋಗಿ, "ಈ ಕಡೆ ಬರಬೇಡಿ, ಕುಡಿಯೋ ನೀರು. ಹಾಡು ಸ್ವಲ್ಪ ಕಮ್ಮಿ ಮಾಡ್ತೀರಾ?" ಎಂದಳು. ಮಾಡಿದರು! ಪ್ರತಿ ಭಾನುವಾರ ನಾನು ಗಂಟಲು ಹರಿದುಕೊಂಡರೂ ಆಗದಿದ್ದ ಕೆಲಸ ಅದು. ನನಗೆ ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು.

ಬಿಸಿಲು ಇಳಿಯುವ ಹೊತ್ತಿಗೆ ನೀರು ಮೊಗೆಯುವಷ್ಟಾಯಿತು. ಕೆಳಗಿನ ಮನೆಯಾಕೆ ಕೊಡ ತಂದು ತುಂಬಿಸಿದಳು. ಬೀಗರು ಬರುವ ಹೊತ್ತಾಗಿತ್ತು, ಬೇಗ ಹೋಗು ಎಂದೆ. ಅವಳು ಹೋಗಲಿಲ್ಲ. ಕೊಡದಿಂದ ಒಂದು ಚೆಂಬು ಬಗ್ಗಿಸಿ ಹುಡುಗಿಗೆ ಕೊಟ್ಟಳು.

"ಕುಡಿ ಮಗಾ. ಮಧ್ಯಾಹ್ನದಿಂದ ಬಿಸಿಲಲ್ಲಿ ಇದ್ದೀ."

"ಮೊದ್ಲು ನೀವು ಕುಡೀರಿ ಆಂಟಿ."

"ನನಗೆ ಮಸೀದಿಯಲ್ಲಿ ಸಂಜೆಯ ಬಾಂಗ್ ಆಗ್ಬೇಕು. ಬೆಳಿಗ್ಗೆಯಿಂದ ನೋಂಬು."

ಹುಡುಗಿ ಚೆಂಬನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟಳು. ಅವಳ ಕಣ್ಣು ತುಂಬಿತು, ನನ್ನದೂ. ಕೊನೆಗೆ, "ಬಾಂಗ್ ಆಗೋವರೆಗೂ ನಾನೂ ಕಾಯ್ತೀನಿ" ಎಂದು ಆ ನೀರನ್ನು ಹಾಗೆಯೇ ಕೊಡಕ್ಕೆ ಹೊಯ್ದಳು.

"ಹಾಗಾದ್ರೆ ಎಲ್ಲರೂ ಮನೆಗೇ ಬನ್ನಿ" ಎಂದು ಕೆಳಗಿನ ಮನೆಯಾಕೆ ನಕ್ಕಳು. "ನೀರು ಯಾಕೆ ತಡ ಆಯ್ತು ಅಂತ ಬೀಗರಿಗೆ ನೀವೇ ಹೇಳಿ."

ಕೊಡವನ್ನು ಹುಡುಗಿಯೇ ಎತ್ತಿಕೊಂಡಳು. ಅಭ್ಯಾಸವಿಲ್ಲದ ಸೊಂಟ. ಮೆಟ್ಟಿಲಿಳಿಯುವಾಗ ಒಂದಿಷ್ಟು ತುಳುಕಿದರೂ ನಿಂತು, ಕೊಡದ ಬಾಯಿಗೆ ಅಂಗೈ ಅಡ್ಡ ಹಿಡಿದು, ಆಮೇಲೆ ಮುಂದಿನ ಮೆಟ್ಟಿಲಿಗೆ ಕಾಲಿಡುತ್ತಿದ್ದಳು.