ನೊರೆ ಕೂರುವ ಮುನ್ನ ಅಳೆದ ಬಿಯರು

ಯುರೋಪಿನಲ್ಲಿ ಮೊದಲ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ಬೇಸಿಗೆಯಲ್ಲಿ ನಾನು ನಿಜಾಮ ಸರ್ಕಾರದ ಆಬ್ಕಾರಿ ಇನ್ಸ್‌ಪೆಕ್ಟರನಾಗಿ ಬೀದರಿನಲ್ಲಿದ್ದೆ. ಕಳ್ಳು, ಸಾರಾಯಿ, ವಿಲಾಯತಿ ಮದ್ಯಗಳ ಮೇಲೆ ಕಣ್ಣಿಡುವ ಇಲಾಖೆ ಅದು. ‘ಹಿಂದಿನ ಬೇಸಿಗೆ’ ಎಂದು ಬರೆದ ಕೂಡಲೇ ಅನುಮಾನ ಬಂತು. ಅದಕ್ಕೂ ಒಂದು ವರ್ಷ ಮುಂಚೆ ಇದ್ದರೂ ಇರಬಹುದು. ಆಗಿನ ನೋಟ್‌ಬುಕ್ಕಿನ ನಾಲ್ಕು ಹಾಳೆಗಳು ಉಳಿದಿವೆ. ಅಂಕಿಗಳನ್ನು ಅವುಗಳಿಂದ ತೆಗೆದುಕೊಂಡಿದ್ದೇನೆ. ಮಿಕ್ಕಿದ್ದು ನೆನಪು.

ಮದರಾಸಿನಲ್ಲಿ ರಸಾಯನಶಾಸ್ತ್ರದ ಪದವಿ ಪಡೆದು ಬಂದಿದ್ದೆ. ಜನರ ಬಾಯಿಮಾತು ನಂಬುವುದಿಲ್ಲ, ಅಳೆದದ್ದನ್ನು ಮಾತ್ರ ನಂಬುತ್ತೇನೆ ಎಂಬ ಜಂಬವೂ ಪದವಿಯ ಜೊತೆಗೇ ಬಂದಿತ್ತು. ನನ್ನ ಚೀಲದಲ್ಲಿ ಯಾವಾಗಲೂ ಒಂದು ಹೈಡ್ರೋಮೀಟರ್ ಇರುತ್ತಿತ್ತು. ಅದು ತಳದಲ್ಲಿ ಭಾರವಿರುವ ಗಾಜಿನ ನಳಿಕೆ. ದ್ರವದಲ್ಲಿ ಬಿಟ್ಟರೆ ತೇಲುತ್ತದೆ. ದ್ರವ ಗಟ್ಟಿಯಿದ್ದಷ್ಟೂ ಮೇಲೆ ನಿಲ್ಲುತ್ತದೆ. ಶುದ್ಧ ನೀರಿಗೆ ೧೦೦೦ ತೋರಿಸುತ್ತದೆ. ಮದ್ಯವನ್ನು ರುಚಿ ನೋಡಬೇಕಾಗಿ ಬಂದರೆ ಬಾಯಿಗೆ ಹಾಕಿಕೊಂಡು ಉಗುಳುತ್ತಿದ್ದೆ. ನುಂಗುವುದು ನನ್ನ ಮನೆತನಕ್ಕೆ ಒಗ್ಗದ ಸಂಗತಿ.

ಆಗ ಭಾಲ್ಕಿಯಲ್ಲಿ ಹತ್ತಿ ಬಿಡಿಸುವ ಜಿನ್ನಿಂಗ್ ಯಂತ್ರ ಜೋಡಿಸಲು ಒಬ್ಬ ಜರ್ಮನ್ ಫಿಟರ್ ಬಂದಿದ್ದ. ವಾರವೆಲ್ಲ ಭಾಲ್ಕಿಯಲ್ಲಿ ಎಣ್ಣೆ, ಮಸಿ. ಶುಕ್ರವಾರ ನಿಜಾಮರ ರಿಯಾಸತ್ತಿನಲ್ಲಿ ರಜೆ; ಆದ್ದರಿಂದ ಗುರುವಾರ ಸಂಜೆ ಪ್ರವಾಸಿಗಳು ತಂಗುವ ಬೀದರಿನ ಮುಸಾಫಿರ್ ಬಂಗಲೆಗೆ ಬಂದುಬಿಡುತ್ತಿದ್ದ. ಅವನ ಊರಿನ ಬಿಯರಿನ ಒಂದು ಪೆಟ್ಟಿಗೆ ಬಂಬಯಿಗೆ ಹಡಗಿನಲ್ಲಿ ಬಂದು, ಅಲ್ಲಿಂದ ರೈಲಿನಲ್ಲಿ, ಕೊನೆಗೆ ಎತ್ತಿನ ಗಾಡಿಯಲ್ಲಿ ಬೀದರು ಸೇರಿತ್ತು. ಬಂಗಲೆಯ ಅಡುಗೆ, ಉಸ್ತುವಾರಿ ನೋಡುವ ಖಾನ್ಸಾಮ ಮಸ್ತಾನ್ ಸಾಬ್ ಅದನ್ನು ಕೋಣೆಯಲ್ಲಿ ಬೀಗ ಹಾಕಿ ಇಟ್ಟಿದ್ದ. ಸಾಹೇಬ ಬರುವ ದಿನ ಎರಡು ಬಾಟಲಿಗಳನ್ನು ಹಗ್ಗಕ್ಕೆ ಕಟ್ಟಿ ಹಿತ್ತಲಿನ ಕೆಂಪುಕಲ್ಲಿನ ಬಾವಿಯಲ್ಲಿ ಮುಳುಗಿಸಿ ತಣ್ಣಗೆ ಮಾಡುತ್ತಿದ್ದ.

ಒಂದು ಶುಕ್ರವಾರ ಬೆಳಿಗ್ಗೆ ಜರ್ಮನ್ ಸಾಹೇಬ ನನ್ನನ್ನು ಕರೆಸಿದ. ಹಿಂದಿನ ಸಂಜೆ ತೆರೆದ ಬಾಟಲಿಯಲ್ಲಿ ನೊರೆಯಿಲ್ಲ, ರುಚಿಯಿಲ್ಲ; ಖಾನ್ಸಾಮ ಕುಡಿದು ನೀರು ತುಂಬಿದ್ದಾನೆ ಎಂಬುದು ಅವನ ದೂರು. ಆ ಬಾಟಲಿಗಳಿಗೆ ಬಿರಡೆಯಿರಲಿಲ್ಲ. ತಂತಿಯ ಕೊಕ್ಕೆ ಒತ್ತಿದರೆ ಮುಚ್ಚುವ, ಎತ್ತಿದರೆ ತೆರೆಯುವ ಪಿಂಗಾಣಿ ಮುಚ್ಚಳ. ಯಾರು ಬೇಕಾದರೂ ತೆರೆದು ಮತ್ತೆ ಮುಚ್ಚಬಹುದಿತ್ತು.

ಮಸ್ತಾನ್ ಸಾಬನಿಗೆ ಅರವತ್ತರ ಹತ್ತಿರ. ಐದು ಹೊತ್ತು ನಮಾಜು ಬಿಡದವನು. ಪಕ್ಕದ ಚಿದ್ರಿಯ ಕಡೆಯ ಅವನ ಜನರಲ್ಲಿ ಜಗಳ ಬಂದರೆ ಪಂಚಾಯ್ತಿಗೆ ಅವನನ್ನೇ ಕರೆಯುತ್ತಿದ್ದರು.

“ಸಾಬ್, ಈ ಬಾಟ್ಲಿ ಮುಟ್ಟಿದ್ರ ನಾ ಕೈ ತೊಳಕೋತೇನಿ. ಕುಡೀತೇನಿ ಏನ್ರಿ?” ಎಂದ. “ನೌಕ್ರಿ ಹೋದ್ರ ಹೋಗ್ಲಿ. ಬುಡ್ಢಾ ಶರಾಬು ಕುಡದಾನ ಅಂತ ಮಂದಿ ಅಂದ್ರ ನಾ ಮಸೀದಿಗಿ ಹ್ಯಾಂಗ ಹೋಗ್ಲಿರಿ?”

“ಇದು ಹೇಳುತ್ತದೆ, ತಡಿ” ಎಂದು ಹೈಡ್ರೋಮೀಟರ್ ತೆಗೆದೆ.

ಸರಿಯಿದೆ ಎಂದು ಸಾಹೇಬನೇ ಒಪ್ಪಿದ ಒಂದು ಹೊಸ ಬಾಟಲಿ ತೆರೆದು ಉದ್ದನೆಯ ಗಾಜಿನ ಪಾತ್ರೆಗೆ ಸುರಿದೆ. ನೊರೆ ಉಕ್ಕಿತು. ನಳಿಕೆ ಸ್ವಲ್ಪ ಕುಣಿದು ೧೦೧೬ಕ್ಕೆ ನಿಂತಿತು. ಅನುಮಾನದ ಬಾಟಲಿಯಲ್ಲಿ ೧೦೧೧. ಲೆಕ್ಕ ಸರಳವಾಗಿತ್ತು: ನೀರಿಗಿಂತ ಹದಿನಾರು ಹೆಚ್ಚಿರಬೇಕಾದ್ದು ಹನ್ನೊಂದಕ್ಕೆ ಇಳಿದಿದೆ; ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ನೀರು. ಎರಡನೆಯದನ್ನು ಬಾಯಿಗೆ ಹಾಕಿಕೊಂಡು ಉಗುಳಿದೆ. ನೋಟ್‌ಬುಕ್ಕಿನಲ್ಲಿ ‘ರುಚಿಯೂ ನೀರು ನೀರು’ ಎಂದು ಬರೆದಿದ್ದೇನೆ. ಮಸ್ತಾನ್ ಸಾಬ್ ನನ್ನ ಕೈಯಲ್ಲಿದ್ದ ಗಾಜನ್ನೇ ನೋಡುತ್ತ ನಿಂತಿದ್ದ.

ಶನಿವಾರ ತಹಸೀಲ್ದಾರರಿಗೆ ವರದಿ ಕೊಟ್ಟೆ. ಮುಂದಿನ ಗುರುವಾರದೊಳಗೆ ಖಾನ್ಸಾಮ ಬೀಗದ ಕೈ ಒಪ್ಪಿಸಿ ಹೋಗಬೇಕು ಎಂದು ಹುಕುಂ ಆಯಿತು.

ಸೋಮವಾರ ನಾನು, ಆ ದಿನ ಬಂಗಲೆಯಲ್ಲೂ ನನ್ನ ಜೊತೆಗಿದ್ದ ಚಪರಾಸಿ ಶರಣಪ್ಪ ಇಬ್ಬರೂ ಗಾಡಿಯಲ್ಲಿ ಔರಾದಕ್ಕೆ ಹೊರಟೆವು. ಅಲ್ಲಿಯ ಸೇಂದಿ ಅಂಗಡಿಗಳ ತಪಾಸಣೆಯಿತ್ತು. ಸೇಂದಿ ಎಂದರೆ ಈಚಲ ಮರದ ಕಳ್ಳು. ಅಂಗಡಿಯವರು ಕಳ್ಳನ್ನು ಎತ್ತರದಿಂದ ಸುರಿದು, ನೊರೆಯಿಂದಲೇ ಅಳತೆಯ ಪಾತ್ರೆ ತುಂಬಿಸಿ ಗಿರಾಕಿಗೆ ಮೋಸ ಮಾಡುತ್ತಿದ್ದರು. ಆದ್ದರಿಂದ ಕಳ್ಳನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ನಾಲ್ಕಾರು ಸಲ ಸುರಿದು, ನೊರೆ ಕೂತ ಮೇಲೆಯೇ ಅಳೆಯಬೇಕೆಂದು ನಾನೇ ಕಟ್ಟುನಿಟ್ಟು ಮಾಡಿದ್ದೆ. ಅದು ಶರಣಪ್ಪನ ಬಾಯಿಪಾಠವಾಗಿಬಿಟ್ಟಿತ್ತು.

ಮಂಗಳವಾರ ಔರಾದದ ಅಂಗಡಿಯವನು ಪಾತ್ರೆ ತುಂಬಿದ ಕೂಡಲೇ ನಾನು ಚೀಲಕ್ಕೆ ಕೈ ಹಾಕಿದೆ.

“ತಡೀರಿ ಸಾಹೇಬ್ರ, ನೊರಿ ಕೂಡ್ಲಿ” ಎಂದ ಶರಣಪ್ಪ. ಆಮೇಲೆ ಬೇರೆ ಕಡೆ ನೋಡುತ್ತ, “ಬಂಗ್ಲೆದಾಗ ಕೂಡ್ಲಿಲ್ಲ ಖರೆ. ಈ ಕಾಯ್ದೆ ಔರಾದದ ಸೇಂದಿಗಿ ಅಷ್ಟೇ ಐತೇನ್ರಿ? ವಿಲಾಯತಿ ನೊರಿಗಿ ಮಾಫಿ ಏನ್ರಿ?” ಎಂದ.

ಅಂಗಡಿಯವನು ನಕ್ಕ. ನನಗೆ ನಗು ಬರಲಿಲ್ಲ. ಕಾಲೇಜಿನ ಮೊದಲ ವರ್ಷದಲ್ಲಿ ಕಲಿತದ್ದು: ದ್ರವದಲ್ಲಿ ಗ್ಯಾಸ್ ಇದ್ದರೆ ಗುಳ್ಳೆಗಳು ನಳಿಕೆಗೆ ಅಂಟಿಕೊಂಡು ಅದನ್ನು ಮೇಲೆತ್ತುತ್ತವೆ, ಅಂಕಿ ಸುಳ್ಳಾಗುತ್ತದೆ. ಸರಿಯಾದ ಬಾಟಲಿಯನ್ನೇ ನಾನು ತಪ್ಪು ಅಳೆದಿದ್ದೆ. ಕಳ್ಳಿನವನ ಮೇಲೆ ಅನುಮಾನವಿತ್ತು, ಹಾಗಾಗಿ ಕಾಯುತ್ತಿದ್ದೆ. ಜರ್ಮನಿಯ ಬಾಟಲಿಯ ಮೇಲೆ ಅನುಮಾನವೇ ಬಂದಿರಲಿಲ್ಲ.

ಉಳಿದ ಅಂಗಡಿಗಳನ್ನು ಬಿಟ್ಟು ತಿರುಗಿದೆವು. ಜನವಾಡದಲ್ಲಿ ಎತ್ತು ಬದಲಿಸುವಾಗ ಶರಣಪ್ಪ, “ಮುದುಕ ಕೀಲಿ ಕೊಟ್ಟು ಹೋಗಿರಬಾರ್ದು ನೋಡ್ರಿ” ಎಂದ. ಅದೇ ನನ್ನ ತಲೆಯಲ್ಲೂ ಇತ್ತು.

ಗುರುವಾರ ಸಂಜೆ ಬಂಗಲೆ ಮುಟ್ಟಿದಾಗ ಮಸ್ತಾನ್ ಸಾಬ್ ಬೀಗದ ಕೈಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಕೂತಿದ್ದ. ಆದರೂ ಸಾಹೇಬನಿಗಾಗಿ ಎರಡು ಬಾಟಲಿ ಅಂದೂ ಬಾವಿಯಲ್ಲಿದ್ದವು. ಭಾಲ್ಕಿಯಿಂದ ಸಾಹೇಬ ಬಂದ ಮೇಲೆ ಅವನ ಎದುರಿಗೇ ಅವುಗಳಲ್ಲೊಂದನ್ನು ತೆರೆದೆ. ಔರಾದದ ರೀತಿಯಲ್ಲಿ ಎರಡು ಪಾತ್ರೆಗಳ ನಡುವೆ ಹತ್ತು ಸಲ ಸುರಿದು, ನೊರೆ ಕೂತು, ಗುಳ್ಳೆ ಏಳುವುದು ನಿಂತ ಮೇಲೆ ನಳಿಕೆ ಬಿಟ್ಟೆ. ೧೦೧೧. ಹೋದ ವಾರದ ಸಪ್ಪೆ ಬಾಟಲಿಯಲ್ಲಿ ಮಿಕ್ಕಿದ್ದನ್ನೂ ಅಳೆದೆ. ೧೦೧೧. ಅದರ ಮುಚ್ಚಳ ತಿರುವಿ ನೋಡಿದೆ. ಕೆಳಗಿನ ರಬ್ಬರ್ ಗಾಡಿದಾರಿಯ ಬಿಸಿಲಿಗೆ ಬಿರುಕು ಬಿಟ್ಟಿತ್ತು, ಗ್ಯಾಸ್ ಸೋರಿಹೋಗಿತ್ತು. ನೀರು ಯಾರೂ ಹಾಕಿರಲಿಲ್ಲ.

ಸಾಹೇಬ ರಬ್ಬರನ್ನು ಬೆರಳಲ್ಲಿ ಒತ್ತಿ ನೋಡಿ ಕೆಂಪಾದ. ಎದ್ದು ಹೋಗಿ ಬೀಗದ ಕೈಗಳನ್ನು ತಾನೇ ಮಸ್ತಾನ್ ಸಾಬನ ಕೈಯಲ್ಲಿಟ್ಟು, ತನ್ನ ಮುರುಕು ಹಿಂದೂಸ್ತಾನಿಯಲ್ಲಿ ಮಾಫಿ ಕೇಳಿದ. ನಾನೂ ಕೇಳಿದೆ.

“ನಿಮ್ದು ಕಾಂಚಿನ ಕಡ್ಡಿ ಸಾಬ್” ಎಂದ ಮಸ್ತಾನ್ ಸಾಬ್, ನನ್ನ ಗಾಜಿನ ನಳಿಕೆ ತೋರಿಸಿ. “ಅದಕ್ಕ ಗೊತ್ತಾಗ್ಲಿಲ್ಲ. ನೀವರ ನನ್ನ ಒಂದ್ ಮಾತ್ ಕೇಳ್ಬೇಕಿತ್ತು. ಈ ಬಾಟ್ಲಿ ಬಾವ್ಯಾಗ ಬಿಟ್ಟಾಗ ಗುಳ್ಳಿ ಬಿಡ್ತಿತ್ರಿ, ನಾ ನೋಡಿದ್ದೆ.”

ಆ ಸಂಜೆ ಉಳಿದ ತಣ್ಣನೆಯ ಬಾಟಲಿಯನ್ನು ಸಾಹೇಬ ತೆರೆದ. ಲೋಟ ಓರೆ ಹಿಡಿದು ನಿಧಾನವಾಗಿ ಸುರಿದು, ಬೆರಳಿನಷ್ಟು ದಪ್ಪ ನೊರೆ ಬಂದ ಮೇಲೆ ಕೈ ತಡೆದು ಕಾದ. ಅವನ ಊರಿನಲ್ಲೂ ಅದೇ ಕಾಯ್ದೆಯಂತೆ. ನನಗೂ ಒಂದು ಲೋಟ ಹಾಗೆಯೇ ಸುರಿದುಕೊಟ್ಟ; ಬಿಳಿ ನೊರೆ ತುಟಿಗೆ ಅಂಟಿತು. ನಾನು ಮೊದಲ ಸಲ ಉಗುಳದೆ ನುಂಗಿದೆ. ಹೊಸ ಒಣಹುಲ್ಲಿನ ಬಣ್ಣ. ಬಿಸಿ ರೊಟ್ಟಿಯ ಅಂಚಿನ ವಾಸನೆ, ನಾಲಿಗೆಯ ಮೇಲೆ ತೆಳು ಸಿಹಿ. ನುಂಗಿದ ಮೇಲಷ್ಟೇ ಗಂಟಲಲ್ಲಿ ತಿಳಿಯುವ ಸಣ್ಣ ಕಹಿ. ಉಗುಳುವವನಿಗೆ ಆ ಕಹಿ ಸಿಗುವುದೇ ಇಲ್ಲ. ಲೋಟ ಮುಗಿಯಲು ಅರ್ಧ ಗಂಟೆ ಹಿಡಿಯಿತು.

ಶುಕ್ರವಾರದ ರಜೆ ಕಳೆದು ಶನಿವಾರ ವರದಿ ವಾಪಸು ಪಡೆದೆ. ‘ಅವಸರದ ಅಧಿಕಾರಿ’ ಎಂದು ನನ್ನ ಸರ್ವಿಸ್ ಪುಸ್ತಕದಲ್ಲಿ ಬರೆದರು. ಸರಿಯಾಗಿಯೇ ಬರೆದರು.

ಹೋದ ವಾರ ಆ ಹಾಳೆಗಳನ್ನು ಮತ್ತೆ ತೆಗೆದು ನೋಡಿದೆ. ಆ ಗುರುವಾರದ ಕೆಳಗೆ ನನ್ನದೇ ಅಕ್ಷರದಲ್ಲಿದೆ: ‘ಸಾಹೇಬನಿಗೆ ತಣ್ಣನೆಯದು. ಅಳೆಯಲು ನೊರೆ ಇಳಿಸಿದ್ದನ್ನು ನಾನು ಕುಡಿದೆ.’ ಹಾಗಾದರೆ ನನ್ನ ಲೋಟದಲ್ಲಿ ನೊರೆ ಇದ್ದಿರಲು ಸಾಧ್ಯವೇ ಇಲ್ಲ. ಇಷ್ಟು ವರ್ಷ ಆ ಬಿಳಿ ನೊರೆಯನ್ನು ನನ್ನ ತುಟಿಯ ಮೇಲೆಯೇ ನೆನೆಯುತ್ತ ಬಂದಿದ್ದೇನೆ. ‘ನೀರು ನೀರು’ ಎಂದು ಬರೆಸಿದ್ದೂ ಇದೇ ನಾಲಿಗೆ, ಆರು ದಿನ ಬಿಟ್ಟು ಅಷ್ಟೇ ಸಪ್ಪೆಯಾದದ್ದನ್ನು ಕುಡಿದು ಮೆಚ್ಚಿದ್ದೂ ಇದೇ ನಾಲಿಗೆ.

ಕೆಲಸ ನನಗೆ ಕಲಿಸಿದ್ದು ಸಣ್ಣದು. ಅಳೆಯುವ ಮುಂಚೆ ಕಾಯಬೇಕು. ಕಾಯುವ ಹೊತ್ತಿನಲ್ಲಿ ಎದುರಿಗೆ ನಿಂತವನನ್ನು ಒಂದು ಮಾತು ಕೇಳಬೇಕು. ನೊರೆಯ ಬಗ್ಗೆ ನನಗೀಗ ಖಾತ್ರಿಯಿಲ್ಲ. ಆದರೆ ಖಾಲಿ ಬಾಟಲಿಗಳನ್ನು ಎತ್ತಿಟ್ಟ ಮಸ್ತಾನ್ ಸಾಬ್ ಬಾವಿಕಟ್ಟೆಗೆ ಹೋಗಿ, ನೀರು ಸೇದಿ, ಮೊಣಕೈತನಕ ಕೈ ತೊಳೆದುಕೊಂಡದ್ದು ಮಾತ್ರ ಹಾಳೆಯಲ್ಲೂ ಇದೆ, ಆ ನೀರಿನ ಸದ್ದು ಕಿವಿಯಲ್ಲೂ ಇದೆ.