ಗುಪ್ತಪದ ತಪ್ಪಾಗಿದೆ

ನನ್ನ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಡಿ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ನಮ್ಮನೆಯವರಿಗೆ ತಿರುವನಂತಪುರದ ಪಟ್ಟಂನಲ್ಲಿ ಕೇಂದ್ರ ಸರ್ಕಾರದ ಕಚೇರಿ. ವಾರಕ್ಕೊಮ್ಮೆ ಕೊಚ್ಚಿಗೆ, ಕಾಕ್ಕನಾಡಿನ ನಮ್ಮ ಫ್ಲ್ಯಾಟಿಗೆ ಬರುತ್ತಾರೆ. ಬಂದವರು ಪುಟ್ಟು, ಕಡಲೆ ತಿಂದುಕೊಂಡು ಸುಮ್ಮನಿರಬಾರದೇ? ಭಾನುವಾರ ಹಳೆಯ ವಿಂಡೋಸನ್ನು ಅಳಿಸಿಹಾಕಿ ಲಿನಕ್ಸ್ ಹಾಕಲು ಕೂತರು. ಮಾರನೆಯ ದಿನ ಹನ್ನೊಂದಕ್ಕೆ ನನಗೆ ಮೈಸೂರಿನ ಕಾಲೇಜೊಂದರ ಆನ್‌ಲೈನ್ ಸಂದರ್ಶನ. ಇವರ ವರ್ಗಾವಣೆಗಳ ಹಿಂದೆ ಊರೂರು ಅಲೆದು ನಾನು ಬಿಟ್ಟಿದ್ದ ಕನ್ನಡ ಪಾಠದ ಕೆಲಸ ಮತ್ತೆ ಸಿಗಬಹುದಾದ ಮೊದಲ ಅವಕಾಶ ಅದು. ಮಾದರಿ ಪಾಠದ ಸ್ಲೈಡುಗಳೆಲ್ಲ ಆ ಲ್ಯಾಪ್‌ಟಾಪಿನಲ್ಲೇ ಇದ್ದವು.

ಯಾವ ಭಾಷೆ ಎಂದು ಪರದೆ ಕೇಳಿದಾಗ ಕನ್ನಡ ಒತ್ತಿದರು. ಇಂಗ್ಲಿಷೇ ಸಾಕು ಎಂದು ಮಗಳು ಎಂದಿನಂತೆ ಮಲಯಾಳದಲ್ಲಿ ಹೇಳಿದಳು.

"ನೀನಂತೂ ಕನ್ನಡದಲ್ಲಿ ಉತ್ತರ ಕೊಡಲ್ಲ, ಇದಾದ್ರೂ ಕೊಡ್ಲಿ ಬಿಡು."

ಕೀಲಿಮಣೆಯೂ ಕನ್ನಡ, ಪಾಸ್‌ವರ್ಡೂ ಕನ್ನಡ: ನಮ್ಮ ಮನೆದೇವರ ಹೆಸರು. ಪೆನ್‌ಡ್ರೈವಿಗೆ ಎತ್ತಿಟ್ಟಿದ್ದ ಫೈಲುಗಳನ್ನು ವಾಪಸ್ ತುಂಬಿದರು. ಹೊರಡುವಾಗ ನನ್ನ ಅನುಕೂಲಕ್ಕೆಂದು ಕೀಲಿಮಣೆಯನ್ನು ಇಂಗ್ಲಿಷಿಗೆ ತಿರುಗಿಸಿ, ಅದನ್ನು ನನಗೆ ಹೇಳದೆ, ಪೆನ್‌ಡ್ರೈವನ್ನೂ ಜೇಬಿಗೆ ಹಾಕಿಕೊಂಡು ರೈಲು ಹತ್ತಿದರು. ಪುಣ್ಯಾತ್ಮರು!

ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಕಳಿಸಿ ಕೂತೆ. ಕನ್ನಡ ಹೊಡೆದು ಪಳಗಿದ ಕೈ. ದೇವರ ಹೆಸರು ಹೊಡೆದೆ. "ಗುಪ್ತಪದ ತಪ್ಪಾಗಿದೆ" ಎಂದಿತು. ಪಾಸ್‌ವರ್ಡಿಗೆ ಗುಪ್ತಪದವಂತೆ, ಯಾರಪ್ಪ ಈ ಕನ್ನಡ ಮಾತಾಡುವವರು? ಎಷ್ಟು ಸಲ ಹೊಡೆದರೂ ಅದೇ ರಾಗ. ಕಾಣುವುದು ಬರೀ ಚುಕ್ಕೆ, ಯಾವ ಅಕ್ಷರ ಬೀಳುತ್ತಿದೆಯೋ ತಿಳಿಯುವಂತಿಲ್ಲ. ಮೈಯೆಲ್ಲ ಉರಿದುಹೋಯಿತು. ಪಟ್ಟಂಗೆ ಫೋನ್ ಹಚ್ಚಿದೆ.

"ಕ್ಯಾಪ್ಸ್ ಲಾಕ್ ನೋಡು."

"ನೋಡಿದೆ ರೀ."

"ಆಫ್ ಮಾಡಿ ಆನ್ ಮಾಡು."

"ಮಾಡಿ ಮಾಡಿ ಸಾಕಾಯ್ತು. ಹನ್ನೊಂದಾಗ್ತಾ ಬಂತು."

"ಹಾಗಾದ್ರೆ ನೀನೇ ಏನೋ ತಪ್ಪು ಹೊಡೀತಿದೀಯ."

ಆ ಕಡೆ ಯಾರೋ "ಸಾರೇ, ಚಾಯ" ಎಂದರು. ಇವರು ನಿಧಾನವಾಗಿ ಒಂದು ಗುಟುಕು ಕುಡಿದು, "ಹೋಗ್ಲಿ ಬಿಡು. ಕೆಲಸ ಸಿಕ್ಕಿದ್ರೂ ನೀನೇನು ಮೈಸೂರಿಗೆ ಹೋಗ್ತಿದ್ಯಾ?" ಎಂದರು.

ಅಲ್ಲಿಯವರೆಗೆ ನನ್ನ ಸಿಟ್ಟೆಲ್ಲ ಲ್ಯಾಪ್‌ಟಾಪಿನ ಮೇಲಿತ್ತು. "ಹೋಗ್ತಿದ್ದೆ" ಎಂದು ಫೋನ್ ಕುಕ್ಕಿದೆ. ಸುಮ್ಮನೆ ಪರದೆಯನ್ನೇ ದುರುಗುಟ್ಟಿ ನೋಡುತ್ತಿದ್ದಾಗ ಮೂಲೆಯಲ್ಲಿ ಇಂಗ್ಲಿಷ್ ಕೀಲಿಮಣೆಯ ಪುಟ್ಟ ಗುರುತು ಕಣ್ಣಿಗೆ ಬಿತ್ತು. ಒತ್ತಿ ಕನ್ನಡ ಮಾಡಿದೆ, ಮತ್ತೆ ದೇವರ ಹೆಸರು ಹೊಡೆದೆ. ತೆರೆದುಕೊಂಡಿತು. ಸಂತೋಷವೇನೂ ಆಗಲಿಲ್ಲ, ಸಿಟ್ಟು ಇನ್ನೂ ಏರಿತು. ಅದೇ ಸಿಟ್ಟಿನಲ್ಲಿ ಪಾಠ ಮಾಡಿದೆ, ಚೆನ್ನಾಗಿಯೇ ಮಾಡಿದೆ.

ಕೊನೆಗೆ ಸಂದರ್ಶನ ಸಮಿತಿಯ ಹಿರಿಯರೊಬ್ಬರು, "ಅಷ್ಟು ದೂರದಿಂದ ಬರಬೇಕಲ್ಲಮ್ಮಾ, ಯಜಮಾನರು ಒಪ್ಪಿದಾರಾ?" ಎಂದು ಕೇಳಿದರು.

"ಅವರನ್ನ ಕೇಳಿಲ್ಲ ಸರ್" ಎಂದೆ. "ನಾನು ಯಾವತ್ತು ಬರಬೇಕು, ಅದನ್ನ ಹೇಳಿ."